ಮಂಜಿನಲ್ಲಿ ನಮ್ಮ ಮನೆಯ ಗಂಟೆ

"ಸಮುದ್ರಕ್ಕೆ ಜ್ವರ ಬಂದಿದೆಯೇನ್ರೀ?"

ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಬಲೆ ಹೆಣೆಯುತ್ತಿದ್ದವಳು ಕೇಳಿಯೇಬಿಟ್ಟಳು. ಹವಾಮಾನ ಕಚೇರಿಗೆ ಹೊಸದಾಗಿ ಬಂದವನು ಬಕೆಟ್‌ನಲ್ಲಿ ಸಮುದ್ರದ ನೀರು ಸೇದಿ, ಅದರಲ್ಲಿ ಥರ್ಮಾಮೀಟರ್ ಅದ್ದಿ ಕೂತಿದ್ದ.

ಅವನು ತಲೆ ಎತ್ತಿ ನಕ್ಕ. ಅವಳ ಕೈಯಲ್ಲಿದ್ದ ಗಂಟು ತಪ್ಪಿತು...

"ಜ್ವರ ಅಲ್ಲ, ಚಳಿ. ಮಂಜು ಬರುತ್ತಾ ಅಂತ ನೋಡ್ತಿದ್ದೀನಿ."

"ನೀರು ಮುಟ್ಟಿದ್ರೆ ಮಂಜು ಗೊತ್ತಾಗುತ್ತಾ?"

ಅವಳ ಪಕ್ಕದಲ್ಲಿದ್ದ ತಣ್ಣೀರಿನ ಲೋಟವನ್ನು ಅವನು ತೋರಿಸಿದ. "ಹೊರಗಡೆ ಹನಿ ಕೂತಿದೆಯಲ್ಲ, ಲೋಟ ಸೋರ್ತಿಲ್ಲ. ಬೆಚ್ಚನೆ ಗಾಳೀಲಿ ಕಣ್ಣಿಗೆ ಕಾಣದ ನೀರಾವಿ ಇರುತ್ತೆ. ತಣ್ಣನೆ ಲೋಟ ತಾಗಿದ್ರೆ ಹನಿಯಾಗುತ್ತೆ. ತಣ್ಣನೆ ಸಮುದ್ರದ ಮೇಲೆ ಬೆಚ್ಚನೆ ತೇವದ ಗಾಳಿ ಬಂದ್ರೂ ಅಷ್ಟೇ. ಅಲ್ಲಿ ಕೂರೋಕೆ ಲೋಟ ಇಲ್ಲ, ಹನಿ ಗಾಳೀಲೇ ತೇಲುತ್ತೆ. ಅದೇ ಮಂಜು."

ಅಂದಿನಿಂದ ಅವಳು ದಿನವೂ ಅವನಿಗೆಂದು ಇನ್ನೊಂದು ಲೋಟ ತರತೊಡಗಿದಳು.

"ಬಲೆಗಿಂತ ಲೋಟದ ಮೇಲೇ ಕಣ್ಣು ಇವಳಿಗೆ," ಎಂದು ಚಿಕ್ಕಮ್ಮ ಕಿಚಾಯಿಸುತ್ತಿದ್ದಳು. ಒಂದು ಸಂಜೆ ಅದೇ ಚಿಕ್ಕಮ್ಮ ಸುದ್ದಿ ತಂದಳು. "ನಿನ್ನ ಬಕೆಟ್ ಸಾಹೇಬನಿಗೆ ವರ್ಗ ಆಗಿದೆಯಂತೆ ಕಣೇ."

ನನಗೊಂದು ಮಾತೂ ಹೇಳಲಿಲ್ಲವಲ್ಲ, ಅಂದುಕೊಂಡಳು.

ಮರುದಿನ ಅವನು ಬಂದ. "ನಿಮಗೊಂದು ವಿಷಯ..."

"ಹೋಗೋರು ಸುಮ್ನೆ ಹೋಗ್ಬೇಕು. ನನಗೆ ಕೆಲಸ ಇದೆ."

ಅವನು ಸಣ್ಣ ದೋಣಿ ಇಳಿಸಿ, ಆಚೆಯ ನೀರು ಎಷ್ಟು ತಣ್ಣಗಿದೆಯೆಂದು ಅಳೆಯಲು ಹೊರಟುಹೋದ.

ಗಾಳಿ ತಿರುಗಿದ್ದು ಆಮೇಲೆ. ಬೆಚ್ಚನೆಯ ಅಂಟಂಟು ಗಾಳಿ ಅವಳ ಕತ್ತಿಗೆ ತಾಗಿತು. ಬಗ್ಗಿ ನೀರು ಮುಟ್ಟಿದಳು, ಬೆರಳು ಮರಗಟ್ಟುವಷ್ಟು ಚಳಿ. ಮಂಜು ಬರುತ್ತದೆ, ಅವನು ಇನ್ನೂ ಆಚೆಯೇ ಇದ್ದಾನೆ. ನೋಡುತ್ತಿದ್ದಂತೆಯೇ ಕಟ್ಟಿದ್ದ ದೋಣಿಗಳೂ ಬಿಳುಪಿನಲ್ಲಿ ಮರೆಯಾದವು.

ಧಕ್ಕೆಯ ತುದಿಯಲ್ಲಿ ಒಂದು ಗಂಟೆಯಿತ್ತು. ಮಂಜು ಕವಿದಾಗ ಪ್ರತಿ ಮನೆಯ ಹೆಂಗಸೂ ತನ್ನ ಮನೆಗೆಂದೇ ಇರುವ ಏಟು ಬಾರಿಸುತ್ತಿದ್ದಳು. ಕಡಲಲ್ಲಿದ್ದವರು ಆ ಸದ್ದಿನ ಜಾಡು ಹಿಡಿದು ಬರುತ್ತಿದ್ದರು. ಅವಳ ಮನೆಯದು ಎರಡು ಬಿರುಸು, ಒಂದು ನಿಧಾನ; ಧಕ್ಕೆಗೆ ಬರುವವರಿಗೆಲ್ಲ ಅದು ಗೊತ್ತಿತ್ತು.

ಅವನಿಗೆ ಇಲ್ಲಿ ಏಟೂ ಇಲ್ಲ, ಬಾರಿಸುವವರೂ ಇಲ್ಲ.

ಬಾರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ... ಗೊತ್ತಾಗಲಿ.

ಎರಡು ಬಿರುಸು, ಒಂದು ನಿಧಾನ.

ಚಿಕ್ಕಮ್ಮ ಓಡಿ ಬಂದಳು. "ನಿಮ್ಮಪ್ಪ ಒಳಗೆ ಗೊರಕೆ ಹೊಡೀತಿದ್ದಾರಲ್ಲೇ. ಯಾರಿಗೇ ಈ ಏಟು?"

ಅವಳು ನಿಲ್ಲಿಸಲಿಲ್ಲ. ಅವಳ ಮುಖ ನೋಡಿದ ಚಿಕ್ಕಮ್ಮ ಹಗ್ಗಕ್ಕೆ ತಾನೂ ಕೈ ಹಾಕಿದಳು.

ತೋಳು ಸೋಲುವ ಹೊತ್ತಿಗೆ ಬಿಳುಪಿನೊಳಗಿಂದ ಹುಟ್ಟು ಹಾಕುವ ಸದ್ದು ಕೇಳಿತು.

ಅವನು ಮೆಟ್ಟಿಲು ಹತ್ತಿ ಬಂದ. ಹುಬ್ಬಿನ ಮೇಲೆಲ್ಲ ಹನಿ. "ವರ್ಗ ಬೇಡ ಅಂತ ಕೇಳ್ಕೊಂಡಿದ್ದೆ, ಒಪ್ಪಿದ್ದಾರೆ. ಬೆಳಿಗ್ಗೆ ಅದನ್ನೇ ಹೇಳೋಕೆ ಬಂದಿದ್ದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದು ನಿಮ್ಮ ಮನೆ ಏಟಲ್ವಾ?" ಅವನು ಮೆಲ್ಲಗೆ ಕೇಳಿದ.

"ಹೌದು. ಬೇರೆಯವರಿಗೆ ಬಾರಿಸಲ್ಲ."

"ಗೊತ್ತು... ಅದಕ್ಕೇ ಅದನ್ನೇ ಹಿಡಿದು ಬಂದೆ."