ರುಕ್ಮಾವತಿಯ ಮಾತಿನ ಕೊಳವೆ

"ಮದುವೆ ಆಗೈತಾ ನಿಮ್ಗೆ?"

ಹಡಗಿನ ಕತೆ ಕೇಳಲು ಬಂದವನಿಗೆ ಗುರುಸಿದ್ದಯ್ಯ ಹಾಕಿದ ಮೊದಲ ಪ್ರಶ್ನೆ ಇದು. ಶಿವರಾಮಯ್ಯನಿಗೆ ನಗು ಬಂತು. "ಆಗಿದೆ. ಹೋದ ವರ್ಷ ಆಯ್ತು."

"ಹಂಗಾದ್ರೆ ನೋಡಿ, ಬರ್ಕೊಂಡು ಹೊಂಟೋಗಿ. ಮೇಣ ಕೀಳ್ಬ್ಯಾಡಿ. ಕಿವಿಗಂತೂ ಹಿಡೀಲೇಬ್ಯಾಡಿ ಸ್ವಾಮಿ."

ಮುದುಕ ಅಟ್ಟದಿಂದ ಇಳಿಸಿ ತಂದದ್ದು ಮೊಳದುದ್ದದ ಹಿತ್ತಾಳೆ ಕೊಳವೆ. ಒಂದು ತುದಿ ದತ್ತೂರಿ ಹೂವಿನ ಹಾಗೆ ಅರಳಿತ್ತು. ಎರಡೂ ಬಾಯಿಗೆ ಬಟ್ಟೆ ತುರುಕಿ ಮೇಣ ಮೆತ್ತಿದ್ದರು. ಅಂಚಿನ ಸುತ್ತ ಮೊಳೆಯಲ್ಲಿ ಗೀಚಿದ ಗೆರೆಗಳು. ಯಾವ ಭಾಷೆಯ ಅಕ್ಷರವೂ ಅಲ್ಲ. ನಲವತ್ತೈದು ವರ್ಷ ಹುಲಿಯೂರುದುರ್ಗದ ಅಟ್ಟದಲ್ಲಿ ಬಿದ್ದಿದ್ದರೂ ಅದು ಹಸಿ ಉಪ್ಪಿನ ವಾಸನೆ ಹೊಡೆಯುತ್ತಿತ್ತು.

ಬೆಂಗಳೂರಿನಿಂದ ಕೆಲವು ತಿಂಗಳ ಹಿಂದೆ ವರ್ಗವಾಗಿ ತುಮಕೂರಿಗೆ ಬಂದಿದ್ದ ವರದಿಗಾರ ಶಿವರಾಮಯ್ಯ. ಕಡಲೇ ಇಲ್ಲದ ಜಿಲ್ಲೆಯಲ್ಲಿ ಹಡಗು ಒಡೆದು ಬದುಕಿದವನೊಬ್ಬ ಇದ್ದಾನೆಂದು ತಿಳಿದು, ಭಾನುವಾರದ ಪುರವಣಿಗೆ ಒಳ್ಳೆಯ ಸರಕೆಂದು ಬಸ್ಸು ಹತ್ತಿ ಬಂದಿದ್ದ. 1979ರ ಮಾರ್ಚಿ ತಿಂಗಳು.

ಮುದುಕ ಹೇಳಿದ ಸಂಗತಿ ಹೀಗಿತ್ತು. ಎಸ್.ಎಸ್. ರುಕ್ಮಾವತಿ ಮುಂಬಯಿಯ ವರ್ತಕರೊಬ್ಬರ ಸರಕಿನ ಉಗಿಹಡಗು. ಮಂಗಳೂರಿನಿಂದ ಹೆಂಚು, ಕಾಫಿ ಹೇರಿಕೊಂಡು ಹೋಗಿ ಬಟ್ಟೆ, ಕಬ್ಬಿಣ ತರುತ್ತಿತ್ತು. ಊರು ಬಿಟ್ಟು ಓಡಿಹೋಗಿದ್ದ ಗುರುಸಿದ್ದಯ್ಯ ಅದರ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಮೇಲಿನಿಂದ ಕಪ್ತಾನ ಕೆಳಗಿನ ಎಂಜಿನ್ ಕೋಣೆಗೆ ಅಪ್ಪಣೆ ಕೊಡುತ್ತಿದ್ದುದು ಈ ಕೊಳವೆಯಲ್ಲಿ. ಕಪ್ತಾನನಿಗೆ ಚಿಕ್ಕ ವಯಸ್ಸಿನ ಹೆಂಡತಿ, ಹಡಗಿನಲ್ಲೇ ಜೊತೆಗಿದ್ದಳು. ಎಂಜಿನಿಯರನ ಮೇಲೆ ಗುಮಾನಿ. ದಡದ ಮಾಟಗಾರನೊಬ್ಬನನ್ನು ಹಿಡಿದು ಕೊಳವೆಗೆ ಮಾಟ ಮಾಡಿಸಿದ. ಅವರಿಬ್ಬರ ಗುಟ್ಟಿನ ಮಾತು ತನ್ನ ಕಿವಿಗೆ ಬೀಳಬೇಕು. ಮಾಟಗಾರ ಕೇಳಿದ್ದನ್ನೇ ಕೊಟ್ಟ. ಅವರು ಆಡಿದರೂ ಕೇಳಿಸುತ್ತಿತ್ತು, ಆಡದಿದ್ದರೂ ಕೇಳಿಸುತ್ತಿತ್ತು.

1934ರ ಮಳೆಗಾಲ. ಕಾರವಾರದ ದಕ್ಷಿಣಕ್ಕೆ, ದಡ ಕಾಣದ ಮಳೆ. ಕಪ್ತಾನ ಕೊಳವೆಗೆ ಕಿವಿಯಿಟ್ಟವನು ಚೂರಿ ಹಿಡಿದು ಕೆಳಗೆ ಓಡಿಬಂದ. ಚುಕ್ಕಾಣಿಯವನು ಅಪ್ಪಣೆಗಾಗಿ ಕಾದ. ಅಪ್ಪಣೆ ಬರಲಿಲ್ಲ, ಬಂಡೆ ಬಂತು.

"ಎಂಜಿನಿಯರು ನನ್ ಪಕ್ಕಾನೇ ನಿಂತಿದ್ದ, ಸ್ವಾಮಿ. ಅಮ್ಮಾವ್ರು ಮೇಲೆ ಜ್ವರ ಬಂದು ಮಲಗಿದ್ರು. ಅಲ್ಲಿ ಮಾತೇ ಆಡಿರ್ಲಿಲ್ಲ ಯಾರೂವೆ."

"ಇಷ್ಟೆಲ್ಲ ಗೊತ್ತಿದ್ದೂ ಒಡೆದ ಹಡಗಿನಿಂದ ಇದನ್ನ ಯಾಕೆ ತಂದು ಇಟ್ಕೊಂಡಿದೀರಿ?"

"ನಂಗೆ ಹೆಂಡ್ತಿಲ್ಲ. ಹೊಟ್ಟೆಕಿಚ್ಚು ಪಡೋಕೆ ಯಾರೂ ಇಲ್ಲ. ನನ್ನತ್ರ ಇದು ಸುಮ್ಕಿರ್ತದೆ."

"ಫೋಟೋ ತೆಗೆಸಿ ಎರಡು ದಿನದಲ್ಲಿ ತಂದ್ಕೊಡ್ತೀನಿ. ನಿಮ್ಮ ಮಾಟಗಾರ ಏನಾದ್ರೂ ಹೇಳಿದ್ರೆ ಅದನ್ನೂ ಅಚ್ಚು ಹಾಕಿಸ್ತೀನಿ, ಬಿಡಿ." ಶಿವರಾಮಯ್ಯ ನಗುತ್ತ ಕೊಳವೆಯನ್ನು ಚೀಲಕ್ಕೆ ಹಾಕಿದ. ಮುದುಕ ಬೇಡವೆಂದ, ಆದರೆ ಕಿತ್ತುಕೊಳ್ಳಲಿಲ್ಲ.

ಶಿವರಾಮಯ್ಯನ ಹೆಂಡತಿ ಸಿದ್ದಗಂಗಮ್ಮ ಕೊತ್ತಗೆರೆಯ ಕಡೆಯವಳು. ಅವಳ ಸೋದರಮಾವನ ಮಗ ಪುಟ್ಟರಂಗಯ್ಯನಿಗೆ ತೆಂಗಿನ ತೋಟವಿತ್ತು. ಸಂಬಂಧದಲ್ಲಿ ಅವಳು ಅವನಿಗೇ ಬರಬೇಕಾದ ಹೆಣ್ಣು. ಸಂಬಳದ ಗಂಡು ಸಿಕ್ಕಿದನೆಂದು ಅವಳ ಅಪ್ಪ ಮಾತು ಬದಲಿಸಿದ್ದ. ಪುಟ್ಟರಂಗಯ್ಯ ಮುನಿಸಿಟ್ಟುಕೊಳ್ಳಲಿಲ್ಲ. ಆಗಾಗ ಭಾನುವಾರ ಬಸ್ಸಿನಲ್ಲಿ ಕಾಯಿಮೂಟೆ ಹೊತ್ತು ತುಮಕೂರಿನ ಮರಳೂರಲ್ಲಿದ್ದ ಅವರ ಬಾಡಿಗೆ ಮನೆಗೆ ಬರುತ್ತಿದ್ದ. "ಅಣ್ಣಾ, ನನ್ ಹೆಣ್ಣನ್ನ ನೀವು ಹೊತ್ಕೊಂಡ್ ಬಂದ್ರಿ. ಕಾಯಿ ಹೊರೋದು ಮಾತ್ರ ನನ್ ಪಾಲಿಗೇ ಬಿಟ್ರಲ್ಲ!" ಎಂದು ನಗಿಸುತ್ತಿದ್ದ. ಶಿವರಾಮಯ್ಯನೂ ನಗುತ್ತಿದ್ದ. ಪುಟ್ಟರಂಗಯ್ಯ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದ ಬೀಡಿಯ ವಾಸನೆ ಮಾತ್ರ ಅವನಿಗೆ ಹಿಡಿಸುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇರಲಿಲ್ಲ. ಶಿವರಾಮಯ್ಯ ಬ್ಲೇಡಿನಿಂದ ಮೇಣ ಕಿತ್ತು, ಬಟ್ಟೆ ಎಳೆದು ಹಾಕಿ ಕೊಳವೆಗೆ ಕಿವಿಯಿಟ್ಟ. ಸಮುದ್ರದ ಮೊರೆತ. ಯಾವ ಟೊಳ್ಳಿಗೆ ಕಿವಿಯಿಟ್ಟರೂ ಇಷ್ಟೇ ಎಂದುಕೊಂಡ. ಆಮೇಲೆ ಸುಟ್ಟ ಕಲ್ಲಿದ್ದಲಿನ ವಾಸನೆ ಮೂಗಿಗೆ ಅಡರಿತು. ಮೊರೆತ ತಗ್ಗಿತು. ಗಾಜಿನ ಬಳೆಯ ಸದ್ದು.

"ಅವರು ಬರೋದು ಸಂಜೆಗೆ, ಭಾವ. ಬಾಗಿಲು ಹಾಕು."

ಸಿದ್ದಗಂಗಮ್ಮನ ದನಿ.

ಸೈಕಲ್ ತುಳಿದು ಏದುಸಿರು ಬಿಡುತ್ತ ಮನೆಗೆ ಬಂದರೆ ಅವಳು ಒಬ್ಬಳೇ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. "ಏನ್ರೀ, ಇಷ್ಟೊತ್ನಲ್ಲಿ?"

"ಪುಟ್ಟರಂಗ ಬಂದಿದ್ನಾ?"

"ಭಾವ ಬರೋದು ಭಾನುವಾರ ಅಲ್ವಾ?"

ದಿನವೂ ಅವಳ ಬಾಯಲ್ಲಿ ಕೇಳುವ ಭಾವ ಎಂಬ ಮಾತು ಅಂದು ಮೈಗೆ ಕೆಂಡ ತಾಗಿದಂತಾಯಿತು. ಕೋಣೆಗಳನ್ನೆಲ್ಲ ನೋಡಿದ. ಹಿತ್ತಿಲು ನೋಡಿದ. ಯಾರೂ ಇರಲಿಲ್ಲ. ಇಲ್ಲದ್ದು ಅವನಿಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ಎರಡು ದಿನ ಕಳೆದವು. ಕೊಳವೆ ಹುಲಿಯೂರುದುರ್ಗಕ್ಕೆ ಹೋಗಲಿಲ್ಲ. ವರದಿ ಅರ್ಧಕ್ಕೇ ನಿಂತಿತು. ಬಿಡುವು ಸಿಕ್ಕಾಗಲೆಲ್ಲ ಕಿವಿಗೆ ಹಿಡಿಯುತ್ತಿದ್ದ. ಕೇಳಿದಷ್ಟೂ ಅದು ಹೇಳುತ್ತಿತ್ತು. ಅವಳು ಹೊಸ ಸೀರೆ ಉಟ್ಟರೆ ಯಾರಿಗೆ? ಹೂ ಮುಡಿದರೆ ಯಾರು ಬರುತ್ತಾರೆ? ಕೊನೆಗೆ ಕೊಳವೆಯನ್ನು ಮನೆಗೇ ತಂದ. ಅವಳು ಬಡಿಸಿದ ಮುದ್ದೆ ತಣ್ಣಗಾಗುತ್ತಿತ್ತು. ಏನಾಯಿತೆಂದು ಕೇಳಿ ಕೇಳಿ ಅವಳು ಕೇಳುವುದನ್ನೇ ಬಿಟ್ಟಳು.

ಭಾನುವಾರ ಪುಟ್ಟರಂಗಯ್ಯ ಬಂದ. ಮೂಟೆ ಇಳಿಸಿ ತಮಾಷೆ ಮಾಡಿದ, ಶಿವರಾಮಯ್ಯ ನಗಲಿಲ್ಲ. ಬಂದವನು ತಲೆ ಕೆರೆದುಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದ. ಕರೆಂಟು ಹೋಗಿತ್ತು. ನಡುಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ಅಲ್ಲಿ ಕೈ ಕಾಣದ ಕತ್ತಲು. ಶಿವರಾಮಯ್ಯ ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೊಳವೆ ಎತ್ತಿದ.

"ಎಷ್ಟು ದಿನ ಅಂತ ಹಿಂಗೆ ಕದ್ದು ಕದ್ದು, ಭಾವ?"

"ಇವತ್ತೇ ಮುಗಿಸ್ಬಿಡೋಣ ಬುಡು. ಬಾವಿಗೆ ಬಿದ್ದ ಅಂದ್ರಾಯ್ತು."

ಅವಳ ನಗು.

ಬಾಯಲ್ಲಿ ಉಪ್ಪು. ಕಾಲ ಕೆಳಗೆ ನೆಲ ಓಲಾಡಿತು. ಕಾಯಿ ಸುಲಿಯುವ ಮಚ್ಚು ಗೋಡೆಗೆ ಒರಗಿತ್ತು. ಕೈಗೆ ಬಂತು. ಎದ್ದ. ಒಂದು ಹೆಜ್ಜೆ. ಇನ್ನೊಂದು. ಎಲ್ಲೋ ಎಂಜಿನ್ ಗುದ್ದುತ್ತಿತ್ತು. ಅದು ಅವನ ಎದೆ. ಹೊಸ್ತಿಲು. ಮಚ್ಚು ಮೇಲೆದ್ದಿತು.

ಸಿದ್ದಗಂಗಮ್ಮ ಒಲೆಯ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ಪುಟ್ಟರಂಗಯ್ಯ ದೂರದ ಹಿತ್ತಿಲ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ. "ಆಫೀಸ್ನಾಗೆ ಏನೋ ತೊಂದ್ರೆ ಇರ್ಬೇಕು ಕಣವ್ವ. ಅಣ್ಣ ಒಳ್ಳೇರು. ಸುಮ್ಕಿರು, ನಾನೇ ಕೇಳ್ತೀನಿ."

ಅಲ್ಲಿ ಮಾತೇ ಆಡಿರಲಿಲ್ಲ ಯಾರೂ. ಮುದುಕ ಹೇಳಿ ಶಿವರಾಮಯ್ಯನೇ ಬರೆದುಕೊಂಡಿದ್ದ ಮಾತು. ಕೈ ಸಡಿಲಿತು. ಮಚ್ಚು ನೆಲಕ್ಕೆ ಬಿದ್ದ ಸದ್ದಿಗೆ ಇಬ್ಬರೂ ತಿರುಗಿದರು.

ಪುಟ್ಟರಂಗಯ್ಯ ಮಚ್ಚು ನೋಡಿದ, ಶಿವರಾಮಯ್ಯನ ಮುಖ ನೋಡಿದ. "ಇನ್ ಬರಲ್ಲ ಕಣಣ್ಣ," ಎಂದವನು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ.

ಶಿವರಾಮಯ್ಯ ಹೆಂಡತಿಯ ಮುಂದೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದ. ಹಡಗು, ಮುದುಕ, ಮೇಣ, ತಾನು ಕೇಳಿದ ಒಂದೊಂದು ಮಾತು. ಅವಳು ಕೇಳಿ ಕಣ್ಣೊರೆಸಿಕೊಂಡಳು.

"ಇಷ್ಟಕ್ಕಾ? ನಾನು ನಿಮಗೆ ಬ್ಯಾಡ್ವಾದ್ನೇನೋ ಅಂದ್ಕೊಂಡಿದ್ದೆ." ಅತ್ತ ಕಣ್ಣಲ್ಲೇ ನಕ್ಕಳು. "ಎಲ್ಲಿ, ಆ ತುತ್ತೂರಿ?"

ನಡುಕೋಣೆಗೆ ಹೋಗಿ ಅವಳೇ ಎತ್ತಿಕೊಂಡು ಬಂದಳು. ಅವನು ಕೈ ಚಾಚಿದ. ಹುಡುಗಾಟಕ್ಕೆ ಅವಳು ಆಚೆ ತಿರುಗಿ ಕೂತಳು.

"ಬೇಡ ಗಂಗೂ! ಕಿವಿಗೆ ಹಿಡೀಬೇಡ!"

ಹಿಡಿದಿದ್ದಳು. "ಏನೂ ಇಲ್ಲ ಕಣ್ರೀ, ಬರೀ ನೀರಿನ..."

ಮಾತು ನಿಂತಿತು. ತುಟಿಯ ಮೇಲಿನ ನಗು ಇನ್ನೊಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಅದೂ ಇರಲಿಲ್ಲ.

"ಮಹಾಲಕ್ಷ್ಮಿ ಅಂದ್ರೆ ಯಾರ್ರೀ?"

ಆ ಹೆಸರಿನ ಯಾರನ್ನೂ ಅವನು ಅರಿಯ. ಆಣೆಯಿಟ್ಟ. ಕೊಳವೆ ಕಿತ್ತುಕೊಳ್ಳಲು ಹೋದ, ಉಡದಂತೆ ಹಿಡಿದಿದ್ದಳು. ಎಲ್ಲ ಸುಳ್ಳು ಎಂದು ಕೂಗಿದ. ಅಡುಗೆಮನೆಯ ತುಂಬ ಕಲ್ಲಿದ್ದಲ ಹೊಗೆಯ ಘಾಟು. ಅವಳು ಕಣ್ಣು ಅರೆಮುಚ್ಚಿ ಆಲಿಸುತ್ತಿದ್ದಳು. ಬಲಗೈ ಕೊಳವೆಯನ್ನು ಕಿವಿಗೆ ಒತ್ತಿತ್ತು. ಎಡಗೈ ನೆಲ ತಡಕುತ್ತ ಹೋಗಿ ಮಚ್ಚಿನ ಹಿಡಿಯನ್ನು ಮುಟ್ಟಿತು.

"ಶ್, ಸುಮ್ನಿರಿ," ಎಂದಳು. "ಅವ್ಳು ನಗ್ತಾವ್ಳೆ."