ಕ್ಲಿಫರ್ಡನ ಬಿಳಿ ಚುಕ್ಕೆ

ಕವೆಂಟ್ರಿಯಲ್ಲಿ ಕ್ಲಿಫರ್ಡನಂಥ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಅವನು ಸತ್ತ ಮೇಲೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ. ಅವನ ಹಳೆಯ ಸ್ಪೋರ್ಟ್ಸ್ ಕಾರಿನ, ಹೊಗೆ ಹೊರಬಿಡುವ ಮ್ಯಾನಿಫೋಲ್ಡ್ ಎಂಬ ಕಬ್ಬಿಣದ ಕೊಳವೆ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿ ಕೂರಿಸುವಾಗ ಆರು ಬೋಲ್ಟುಗಳಲ್ಲಿ ಒಂದನ್ನು ಮುರಿದುಬಿಟ್ಟೆ. ಕ್ಲಿಫರ್ಡ್ ಎಂದೂ ಮುರಿದವನಲ್ಲ. ಅವನ ಹೆಂಡತಿ ಮ್ಯೂರಿಯಲ್‌ಗೆ ಹೇಳದೆ ಐದೇ ನಟ್ಟು ಬಿಗಿದು, ಎಂಜಿನ್ ಓಡಿಸಿ ಕಾಯಿಸಿದೆ.

“ತಣ್ಣಗಾದ್ಮೇಲೆ ಇನ್ನೊಂದ್ಸಲ ಬಿಗಿ ಮಾಡು ರೆಗ್,” ಎಂದಳು ಮ್ಯೂರಿಯಲ್. “ಕ್ಲಿಫರ್ಡ್ ಹಾಗೇ ಮಾಡಿ, ಒಂದೊಂದು ನಟ್ಟಿಗೂ ಬಿಳಿ ಚುಕ್ಕೆ ಇಡ್ತಿದ್ದ.”

“ನಂಗೇನು ಗೊತ್ತಿಲ್ವಾ? ಮೊದ್ಲು ಟೀ ಕೊಡಮ್ಮ.”

ಕಾರಿದ್ದ ಶೆಡ್ಡಿಗೆ ಬೀಗ ಹಾಕಿ, ಅವಳೆದುರೇ ಕೂತು ಟೀ ಕುಡಿದೆ. ಹತ್ತೇ ನಿಮಿಷಕ್ಕೆ ಮರಳಿದರೆ, ಸುಡಬೇಕಿದ್ದ ಕಬ್ಬಿಣ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಸ್ಪ್ಯಾನರಿಗೆ ಒಂದು ನಟ್ಟೂ ಅಲುಗಲಿಲ್ಲ. ಬೆರಳಿಗೆ ಹಸಿ ಬಣ್ಣ ಮೆತ್ತಿತು. ಎಣಿಸಿದೆ. ಆರು ನಟ್ಟು, ಆರು ಬಿಳಿ ಚುಕ್ಕೆ.