ಟ್ರಕ್ಕಿನ ಹಿಂದೆ ಕೂತವರು

ತಗಡು ತಟ್ಟುವ ಆ ಸದ್ದು ನನಗೊಬ್ಬಳಿಗೇ ಕೇಳಿಸುತ್ತಿದೆಯೇನೋ ಎಂಬ ಅಳುಕಿನಲ್ಲಿ ನಾನು ಬಾಯಿ ಬಿಡಲಿಲ್ಲ. ಜ್ವರದಲ್ಲಿ ಬೇಯುತ್ತಿದ್ದ ಅಮ್ಮನನ್ನು ಘಟ್ಟ ದಾಟಿಸಿ ನಾರಿನ್ ಪಟ್ಟಣದ ಆಸ್ಪತ್ರೆಗೆ ಸೇರಿಸಲೆಂದೇ ಅಪ್ಪ ಅಂದು ಬೆಳಿಗ್ಗೆ ಆ ಹಳೇ ಸೋವಿಯತ್ ಟ್ರಕ್ಕು ಕೊಂಡಿದ್ದ.

"ಈ ಮುದುಕನಿಗೆ ಜಪಾನಿನ ಹೊಸ ಗುಂಡಿಗೆ ಹಾಕ್ಸಿದೀನಣ್ಣಾ, ಬ್ರೇಕೂ ಹೊಸದು. ದಾರೀಲಿ ಮಾತ್ರ ನಿಲ್ಲಿಸ್ಬೇಡ" ಎಂದು ಮಾರಿದವನು ನಕ್ಕಿದ್ದ.

ಆ ಜಪಾನಿ ಎಂಜಿನ್ ಮೆಲ್ಲಗೆ ಗೊಣಗುತ್ತಿತ್ತು. ಅದರ ಸದ್ದನ್ನೂ ಮೀರಿ, ನಮ್ಮ ತಲೆಯ ಮೇಲಿನ ತಗಡನ್ನು ಯಾರೋ ತಟ್ಟುತ್ತಿದ್ದರು. ಹಿಂದೆ ಕೂತವರು ಇಳಿಯಬೇಕಾದಾಗ ನಮ್ಮಲ್ಲಿ ಹಾಗೇ ತಟ್ಟುತ್ತಾರೆ. ಆದರೆ ಹಿಂದೆ ಯಾರೂ ಇರಲಿಲ್ಲ. ಹೀಟರಿನ ಬಿಸಿಗೆ ನಾನು ಬೆವರುತ್ತಿದ್ದೆ. ಅಮ್ಮನ ಕೈ ತಣ್ಣಗಾಗುತ್ತಲೇ ಇತ್ತು.

"ನಿಲ್ಸ್ರೀ, ಯಾರೋ ಇಳೀಬೇಕಂತೆ" ಎಂದಳು ಅಮ್ಮ.

"ಜ್ವರದ ಭ್ರಮೆ ಕಣೇ, ಸುಮ್ನಿರು" ಎಂದು ಅಪ್ಪ ಇನ್ನೂ ಜೋರಾಗಿ ಓಡಿಸಿದ.

ಘಟ್ಟದ ನೆತ್ತಿಯಲ್ಲಿ ಆ ತಟ್ಟುವಿಕೆ ಅಮ್ಮ ಒರಗಿದ್ದ ಬಾಗಿಲಿಗೆ ಬಂತು. ಅವಳು ಚಿಲಕಕ್ಕೆ ಕೈ ಹಾಕಿದಳು. ನಾನು ಅವಳನ್ನು ಬಿಗಿಯಾಗಿ ತಬ್ಬಿಕೊಂಡೆ.

"ಅಪ್ಪಾ, ಭ್ರಮೆ ಅಲ್ಲ. ನಂಗೂ ಕೇಳಿಸ್ತಿದೆ. ನಿಲ್ಲಿಸ್ಬೇಡ."